ಕಾಲು ಹಿಡಿದಾಗ ನಿಲ್ಲಿ, ಬಿಟ್ಟ ಮೇಲೆ ಮತ್ತೆ ನಡೆಯಿರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಪ್ಪನಿಗೆ 67 ವರ್ಷ. ಸಕ್ಕರೆ ಕಾಯಿಲೆ ಇದೆ, ಬೀಡಿ ಬಿಟ್ಟು ಎರಡು ವರ್ಷವಾಯಿತು. ಇನ್ನೂರು ಮೀಟರ್ ನಡೆದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಎಬಿಐ 0.68 ಬಂದಿದೆ. ಆಪರೇಶನ್ ಈಗ ಬೇಡ, ಮಾತ್ರೆ ತಪ್ಪಿಸದೆ ನಡೆಯಿರಿ ಎಂದಿದ್ದಾರೆ ಡಾಕ್ಟರು. ಅಪ್ಪ ಊರಲ್ಲಿದ್ದಾರೆ, ನಾನು ಇಲ್ಲಿ. ಫೋನಿನಲ್ಲೇ ಅವರನ್ನು ನಡೆಸುವುದು ಹೇಗೆ?
- ಓದುಗರೊಬ್ಬರು, ಬೆಂಗಳೂರು

ಉತ್ತರ: ಕಣಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿದರೆ ಬರುವ ಅಂಕಿಯೇ ಎಬಿಐ. ಅದು 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ನಡಿಗೆಯಿಂದ ಆ ಅಡಚಣೆ ಕರಗುವುದಿಲ್ಲ, ಎಬಿಐ ಅಂಕಿಯೂ ಅಷ್ಟಾಗಿ ಬದಲಾಗುವುದಿಲ್ಲ. ಬರುವ ಅಷ್ಟೇ ರಕ್ತದಲ್ಲಿ ಹೆಚ್ಚು ದೂರ ಸಾಗಲು ಸ್ನಾಯು ಕಲಿಯುತ್ತದೆ. ಹೀಗೆ ಕಲಿಯಬೇಕಾದರೆ ಕಾಲು ನೋಯಲೇಬೇಕು.

ನೋವಿಗೆ 1ರಿಂದ 5ರವರೆಗೆ ಅಂಕ ಕೊಡುವುದನ್ನು ಅಪ್ಪನಿಗೆ ಕಲಿಸಿ. ಏನೂ ಇಲ್ಲದಿದ್ದರೆ 1, ಬಿಗಿತ ಶುರುವಾದರೆ 2, ಸ್ವಲ್ಪ ನೋವು 3, ಚೆನ್ನಾಗಿಯೇ ನೋಯುತ್ತಿದೆ ಎಂದರೆ 4, ಇನ್ನೊಂದು ಹೆಜ್ಜೆ ಆಗದು ಎಂದರೆ 5. ಮೂರರಿಂದ ನಾಲ್ಕಕ್ಕೆ ಬರುವವರೆಗೆ ನಡೆದು ನಿಲ್ಲಬೇಕು. ನೋವು ಪೂರ್ತಿ ಹೋಗುವವರೆಗೆ ನಿಂತೋ ಕೂತೋ ಇರಲಿ, ಆಮೇಲೆ ಮತ್ತೆ ಹೊರಡಲಿ. ಅರ್ಧ ನೋವು ಇರುವಾಗಲೇ ಹೊರಟರೆ ಮುಂದಿನ ಸುತ್ತು ಗಿಡ್ಡವಾಗುತ್ತದೆ, ಮನುಷ್ಯ ಬೇಸತ್ತು ಮನೆಗೆ ಬರುತ್ತಾನೆ. ಮೂರರಿಂದ ಐದು ನಿಮಿಷದೊಳಗೆ ನೋವು ಬರುವಂಥ ವೇಗ ಸರಿ. ಮೊದಲ ವಾರ ನಿಂತ ಹೊತ್ತು ಬಿಟ್ಟು ಹತ್ತು ನಿಮಿಷದ ನಡಿಗೆ, ವಾರಕ್ಕೆ ಮೂರು ದಿನ. ಆಮೇಲೆ ವಾರಕ್ಕೆ ಐದು ನಿಮಿಷ ಸೇರಿಸುತ್ತಾ ಹೋಗಿ. ವಾರಕ್ಕೆ ಐದು ದಿನ, ದಿನಕ್ಕೆ 45-50 ನಿಮಿಷ ಎನ್ನುವುದು ಗುರಿ. ಹನ್ನೆರಡು ವಾರ ಕಳೆಯುವ ಮುನ್ನ ತೀರ್ಪು ಕೊಡಬೇಡಿ.

ದಾರಿ ಸಮತಟ್ಟಾಗಿರಲಿ, ಕೂರಲು ಅಲ್ಲಲ್ಲಿ ಕಟ್ಟೆಯೋ ಅಂಗಡಿಯ ಜಗಲಿಯೋ ಇರಲಿ. ಅಳತೆಗೆ ಕರೆಂಟು ಕಂಬಗಳೇ ಸಾಕು.

ಈಗ ಫೋನಿನ ವಿಷಯ. "ವಾಕಿಂಗ್ ಹೋಗಿದ್ರಾ ಅಪ್ಪಾ?" ಎಂದು ಕೇಳಿದರೆ "ಹೂಂ" ಎಂಬ ಉತ್ತರ ಖಂಡಿತ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ಎಷ್ಟನೇ ಕಂಬಕ್ಕೆ ಹಿಡೀತು? ಎಷ್ಟು ಸಲ ನಿಂತ್ರಿ? ಎಷ್ಟು ನಿಮಿಷಕ್ಕೆ ಬಿಡ್ತು?" ಎಂದು ಕೇಳಿ. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯೊಳಗೆ "22 / 5 / 4" ಎಂದು ಬರೆಯಲಿ: ನಡೆದ ನಿಮಿಷ, ನಿಂತ ಸಲ, ಅತಿ ಹೆಚ್ಚಿನ ನೋವಿನ ಅಂಕ. ವಾರಕ್ಕೊಮ್ಮೆ, ಗೊತ್ತಾದ ದಿನ, ಅದರ ಫೋಟೋ ವಾಟ್ಸಾಪ್‌ಗೆ ಬರಲಿ. ಆ ಕರೆಯಲ್ಲೇ ಮುಂದಿನ ವಾರ ಎಷ್ಟು ನಿಮಿಷ ಎಂದು ಅವರ ಬಾಯಿಂದಲೇ ಹೇಳಿಸಿ. ತಿಂಗಳಿಗೊಮ್ಮೆ, 30 ಮೀಟರ್ ಅಂತರದಲ್ಲಿ ಎರಡು ಕುರ್ಚಿ ಇಟ್ಟು ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ನೋಡಿ. ನಡುವೆ ನಿಂತರೂ ಗಡಿಯಾರ ನಿಲ್ಲಿಸಬಾರದು.

ಶುರುಮಾಡುವ ಮೊದಲು ಹೃದಯದ ತಪಾಸಣೆ ಆಗಿರಲಿ. ಎದೆ ಬಿಗಿದರೆ ಈ ಅಂಕಗಳ ಆಟವಿಲ್ಲ, ತಕ್ಷಣ ನಿಂತು ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನನಗೂ ಇದೇ ತೊಂದರೆ. ಸ್ಮಾರ್ಟ್ ವಾಚ್ ಕಟ್ಟಿಕೊಂಡು ದಿನಕ್ಕೆ 7000 ಹೆಜ್ಜೆ ಹಾಕುತ್ತೇನೆ. ನೋವು ಬರದಂತೆ ನಿಧಾನವಾಗಿ ನಡೆಯುತ್ತೇನೆ. ನಾಲ್ಕು ತಿಂಗಳಾದರೂ ಇದ್ದಲ್ಲೇ ಇದ್ದೇನೆ.
- ಓದುಗರೊಬ್ಬರು, ದಾವಣಗೆರೆ

ಉತ್ತರ: ತಪ್ಪು "ನೋವು ಬರದಂತೆ" ಎಂಬಲ್ಲೇ ಇದೆ. ಅಮೆರಿಕದಲ್ಲಿ ಇಂಥ 305 ರೋಗಿಗಳ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪು ನೋವು ಬರುವಂತೆ, ಇನ್ನೊಂದು ಗುಂಪು ಹಾಯಾಗಿ ತಮ್ಮ ಊರಲ್ಲೇ ನಡೆದವು. ಎರಡಕ್ಕೂ ಫೋನಿನಲ್ಲಿ ಮಾರ್ಗದರ್ಶನವಿತ್ತು. ವರ್ಷದ ಕೊನೆಗೆ ಆರು ನಿಮಿಷದ ನಡಿಗೆಯಲ್ಲಿ ಮೊದಲ ಗುಂಪಿನವರು ಶುರುವಿಗಿಂತ ಸರಾಸರಿ 34.5 ಮೀಟರ್ ಹೆಚ್ಚು ನಡೆದರು, ಹಾಯಾಗಿ ನಡೆದವರಿಗೆ ಏನೂ ಸಿಗಲಿಲ್ಲ. ಅದಕ್ಕೂ ಮೊದಲು, 2018ರಲ್ಲಿ ಬಂದ 200 ಜನರ ಅಧ್ಯಯನದಲ್ಲಿ ಮೈಮೇಲೆ ಧರಿಸುವ ಹೆಜ್ಜೆ ಎಣಿಕೆಯ ಸಾಧನ ಮತ್ತು ಫೋನ್ ಸಲಹೆ ಕೊಟ್ಟರೂ ಒಂಬತ್ತು ತಿಂಗಳಲ್ಲಿ ನಡಿಗೆ ಸುಧಾರಿಸಿರಲಿಲ್ಲ. ವಾಚ್ ಹೆಜ್ಜೆ ಎಣಿಸುತ್ತದೆಯೇ ಹೊರತು ನೋವನ್ನಲ್ಲ. ಅಡುಗೆಮನೆಯಿಂದ ಹಜಾರಕ್ಕೆ ಓಡಾಡಿದ್ದೂ ಆ ಏಳು ಸಾವಿರದಲ್ಲಿ ಸೇರಿದೆ. ವೇಗ ಹೆಚ್ಚಿಸಿ. ಆಗಲೂ ನೋವು ಬಾರದಿದ್ದರೆ ಸ್ವಲ್ಪ ಏರು ಇರುವ ರಸ್ತೆ ಹಿಡಿಯಿರಿ.

ಒಂದು ಮಾತು: ನಿಂತರೆ ಹೋಗದೆ, ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಮಾತ್ರ ಹೋಗುವ ನೋವು ಬೆನ್ನುಮೂಳೆಯಿಂದ ಬರುತ್ತಿರಬಹುದು. ಅದನ್ನು ಡಾಕ್ಟರಿಗೆ ಹೇಳಿ.

ಪ್ರಶ್ನೆ: ಅಮ್ಮನ ಹೆಬ್ಬೆರಳಲ್ಲಿ ಮೂರು ವಾರದಿಂದ ಮಾಯದ ಗಾಯ. ಸಕ್ಕರೆ ಕಾಯಿಲೆ ಇದೆ. ನಡೆಯಬಹುದೇ?
- ಓದುಗರೊಬ್ಬರು, ಹಾಸನ

ಉತ್ತರ: ಬೇಡ. ಈ ವಾರವೇ ರಕ್ತನಾಳದ ಶಸ್ತ್ರವೈದ್ಯರಿಗೆ ತೋರಿಸಿ. ಗಾಯ, ಕಪ್ಪಾದ ಬೆರಳು, ಮಲಗಿದಾಗ ಪಾದ ನೋಯುವುದು, ಇವುಗಳಲ್ಲಿ ಯಾವುದಿದ್ದರೂ ಮನೆಯ ನಡಿಗೆ ಚಿಕಿತ್ಸೆಯಲ್ಲ. ಕಾಲು ಹಠಾತ್ತನೆ ತಣ್ಣಗಾಗಿ ಬಿಳಿಚಿಕೊಂಡರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಒಯ್ಯಿರಿ. ಎಬಿಐ ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ: ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಗಟ್ಟಿಯಾಗಿ ಅಂಕಿ ಸುಳ್ಳುಸುಳ್ಳೇ ಏರುತ್ತದೆ, ಆಗ ಕಾಲ್ಬೆರಳಿನ ಒತ್ತಡ ಅಳೆಯಬೇಕಾಗುತ್ತದೆ. ಗಾಯ ಮಾಯ್ದ ಮೇಲೂ ಬರಿಗಾಲು ಬೇಡ, ಮೆತ್ತನೆಯ ರಬ್ಬರ್ ಅಟ್ಟೆಯ ಎಂಸಿಆರ್ ಚಪ್ಪಲಿ ಹಾಕಲಿ. ಶೂ ಆದರೆ ಹಾಕುವ ಮುನ್ನ ಒಳಗೆ ಕೈಯಾಡಿಸಿ ನೋಡಲಿ. ಸ್ಪರ್ಶಜ್ಞಾನ ಕುಗ್ಗಿದ ಪಾದಕ್ಕೆ ಒಳಗೆ ಸೇರಿದ ಕಲ್ಲು ಗೊತ್ತಾಗುವುದಿಲ್ಲ.