ಡಬ್ಬಿ ಮೇಲೆ ಬರೆದದ್ದಕ್ಕಿಂತ ಬರೆಯದೇ ಇರುವುದನ್ನು ಮೊದಲು ನೋಡಿ

ಅಕ್ಕ, ನಿಮ್ಮ ಪೋಸ್ಟಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ ಅಂದರೂ ಅದರೊಳಗೆ ಮೂರಿವೆ. ಪ್ಯಾರಬೆನ್ (ಕ್ರೀಮು ಕೆಡದಂತೆ ಹಾಕುವ ಒಂದು ಪ್ರಿಸರ್ವೇಟಿವ್) ಇರುವ ಲೋಷನ್ ಬಿಸಾಕಬೇಕಾ? ಅದರ ಬದಲು ಮನೆಯಲ್ಲಿ ಮಾಡಿದ ಲೋಳೆಸರದ ಕ್ರೀಮಿಗೆ ಹನ್ನೆರಡನೇ ದಿನಕ್ಕೆ ಕಪ್ಪು ಚುಕ್ಕೆ ಬಂದದ್ದೇಕೆ? ತಂಗಿ ಪಾರ್ಲರಿನಿಂದ ತಂದ ವಿಳಾಸವಿಲ್ಲದ ಡಬ್ಬಿಯ ಕ್ರೀಮು ಮೂರು ವಾರದಲ್ಲಿ ಮುಖ ಬೆಳ್ಳಗೆ ಮಾಡಿ, ಈಗ ಒಂದು ದಿನ ಬಿಟ್ಟರೂ ಉರಿ ಬರುವುದೇಕೆ? ಕೆಳಗೆ ಕಾಮೆಂಟಿನಲ್ಲಿ ಎಲ್ಲರೂ ಪ್ಯಾರಬೆನ್ ಹಿಡಿದುಕೊಂಡಿದ್ದಾರೆ, ತಂಗಿಯ ಡಬ್ಬಿ ಬಗ್ಗೆ ಒಬ್ಬರೂ ಮಾತಾಡಿಲ್ಲ. ತುರ್ತು ಇರುವುದು ಅಲ್ಲೇ, ಹಾಗಾಗಿ ಅಲ್ಲಿಂದಲೇ ಶುರು.

ಎರಡು-ಮೂರು ವಾರದಲ್ಲಿ ಎದ್ದು ಕಾಣುವಷ್ಟು ಮುಖ ತಿಳಿಯಾಗಬೇಕಾದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಇರುತ್ತದೆ: ಸ್ಟೀರಾಯ್ಡ್ (ಉರಿಯೂತ ಇಳಿಸುವ ಔಷಧ), ಪಾದರಸ, ಹೈಡ್ರೋಕ್ವಿನೋನ್ (ಚರ್ಮದ ಬಣ್ಣ ಇಳಿಸುವ ಔಷಧ). ನಯಾಸಿನಮೈಡ್, ವಿಟಮಿನ್ ಸಿ ಥರದವು ಎಂಟು-ಹತ್ತು ವಾರ ಹಚ್ಚಿದ ಮೇಲೆ ಕಲೆ ಸ್ವಲ್ಪ ತಿಳಿಯಾಗಿಸುತ್ತವೆ, ಅಷ್ಟೇ. ಇಷ್ಟು ಬೇಗ ಬಣ್ಣ ಬದಲಾಯಿತು ಅನ್ನುವುದೇ ಮೊದಲ ಸುಳಿವು.

ಹಚ್ಚುವುದು ಬಿಟ್ಟ ಎರಡು-ಮೂರು ದಿನದೊಳಗೆ ಕೆಂಪಾಗಿ, ಉರಿದು, ಸಣ್ಣ ಗುಳ್ಳೆ ಎದ್ದು, ಮತ್ತೆ ಹಚ್ಚಿದರೆ ತಣ್ಣಗಾದರೆ ಹೆಚ್ಚಾಗಿ ಅದು ಸ್ಟೀರಾಯ್ಡ್. ಬೀಟಾಮೆಥಸೋನ್, ಕ್ಲೋಬಿಟಸಾಲ್, ಮೊಮೆಟಸೋನ್ ಇವು ಚರ್ಮದ ಕೆಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ, ಮುಖ ಬಿಳಿಚಿಕೊಳ್ಳುತ್ತದೆ, ಅದನ್ನೇ ನಾವು ಬಣ್ಣ ಬಂತು ಅನ್ನುತ್ತೇವೆ. ಬಿಟ್ಟಾಗ ನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗುತ್ತವೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆನ್ನೆಯಲ್ಲಿ ಎಳೆಎಳೆ ನರ ಕಾಣುತ್ತವೆ, ಮುಖದ ಮೇಲೆ ಕೂದಲು ಬರುತ್ತದೆ, ಬಿಸಿಲು ತಡೆಯುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡುಗಳಲ್ಲಿ 14ಕ್ಕೆ ವೈದ್ಯರ ಚೀಟಿ ಬೇಕೇ ಬೇಕು ಎಂದು ನಿಯಮ ಮಾಡಿತು. ಮೆಡಿಕಲ್ ಶಾಪಿನಲ್ಲಿ ಇನ್ನೂ ಬಾಯಿಮಾತಿಗೇ ಸಿಗುತ್ತವೆ ಅನ್ನುವುದು ಬೇರೆ ಮಾತು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ (ವಿಟಮಿನ್ ಎ ಬಗೆಯ ಔಷಧ), ಮೊಮೆಟಸೋನ್ ಮೂರೂ ಸೇರಿದ ಟ್ಯೂಬನ್ನು ಬಂಗಿಗೆಂದು, ಅಂದರೆ ಮುಖದ ಕಂದು ಮಚ್ಚೆಗೆಂದು, ಚರ್ಮದ ಡಾಕ್ಟರು ಕೆಲವೇ ವಾರಕ್ಕೆ ಬರೆದುಕೊಡುತ್ತಾರೆ. ಅದನ್ನು ದಿನದ ಕ್ರೀಮಾಗಿ ವರ್ಷಾನುಗಟ್ಟಲೆ ಹಚ್ಚುವವರಿದ್ದಾರೆ. ಹೈಡ್ರೋಕ್ವಿನೋನ್ ಹಾಗೆ ಹಚ್ಚಿದರೆ ಕೊನೆಗೆ ನೀಲಿಗಪ್ಪು ಕಲೆ ಕೂರುತ್ತದೆ, ಅದು ಹೋಗುವುದು ತುಂಬಾ ಕಷ್ಟ.

ಪಾದರಸದ ಕ್ರೀಮು ಹೀಗೆ ಉರಿಸದೇ ಇರಬಹುದು, ಅದಕ್ಕೇ ಅದು ಹೆಚ್ಚು ಮೋಸದ್ದು. ಚರ್ಮದ ಬಣ್ಣ ತಯಾರಾಗಲು ಬೇಕಾದ ಕಿಣ್ವವನ್ನು ತಡೆಯುತ್ತದೆ, ಚರ್ಮದ ಮೂಲಕ ಒಳಗೆ ಇಳಿದು ಮೂತ್ರಪಿಂಡದಲ್ಲಿ ಸೇರುತ್ತದೆ. ಭಾರತದ 2020ರ ಸೌಂದರ್ಯವರ್ಧಕ ನಿಯಮದಲ್ಲಿ ಗೊತ್ತಿಲ್ಲದೆ ಸೇರಿದ ಪಾದರಸಕ್ಕೂ 1 ಪಿಪಿಎಂ ಮಿತಿ, ಅಂದರೆ ಒಂದು ಕಿಲೋ ಕ್ರೀಮಿಗೆ 1 ಮಿಲಿಗ್ರಾಂ. ಕಣ್ಣಿನ ಸುತ್ತ ಹಚ್ಚುವುದಕ್ಕೆ ಮಾತ್ರ 70 ಪಿಪಿಎಂ. ಕಳ್ಳದಾರಿಯಲ್ಲಿ ಬರುವ ಬಿಳುಪಿನ ಕ್ರೀಮುಗಳಲ್ಲಿ ಸಾವಿರಾರು ಪಿಪಿಎಂ ಸಿಕ್ಕಿದೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ 2021ರಿಂದ 2023ರವರೆಗೆ ಬಂದ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ಜನರಲ್ಲಿ 15 ಮಂದಿಗೆ ಅಪರೂಪದ ಒಂದು ಪ್ರಭೇದ ಕಂಡಿತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು.

ಡಬ್ಬಿ ನೋಡಿ ಪಾದರಸ ಇದೆಯೇ ಎಂದು ಖಚಿತವಾಗಿ ಹೇಳಲು ಆಗದು, ಲ್ಯಾಬ್ ಪರೀಕ್ಷೆಯೇ ಬೇಕು. ಆದರೆ ಅನುಮಾನಕ್ಕೆ ಕಾರಣಗಳಿವೆ. ತಯಾರಕರ ಪೂರ್ತಿ ವಿಳಾಸ ಇರುವುದಿಲ್ಲ. ‘ಚಿನ್ನ ಬೆಳ್ಳಿ ತಾಗಿಸಬೇಡಿ’, ‘ಬಿಸಿಲಿಗೆ ಇಡಬೇಡಿ’ ಎಂಬ ಎಚ್ಚರಿಕೆ ಇರುತ್ತದೆ. ಬೆಳಕಿಗೆ ಇಟ್ಟ ಕ್ರೀಮು ಬೂದು ಬಣ್ಣಕ್ಕೆ ತಿರುಗುತ್ತದೆ. ಕೆಲವರು ಪದಾರ್ಥಪಟ್ಟಿಯಲ್ಲಿಯೇ ಪಾದರಸವನ್ನು ‘ಕ್ಯಾಲೊಮೆಲ್’, ‘ಮರ್ಕ್ಯುರಿಕ್’, ‘ಅಮೋನಿಯೇಟೆಡ್ ಮರ್ಕ್ಯುರಿ’, ‘ಸಿನ್ನಬಾರ್’ ಎಂದು ಹಾಕಿಬಿಡುತ್ತಾರೆ, ಓದುವವರು ಯಾರು ಅಂತ.

ತಂಗಿಗೆ ಈಗ ಮಾಡಬೇಕಾದ್ದು. ಆ ಕ್ರೀಮು ಇವತ್ತೇ ನಿಲ್ಲಿಸಲಿ. ಎರಡು-ಮೂರು ದಿನದೊಳಗೆ ಚರ್ಮರೋಗ ತಜ್ಞರ ಹತ್ತಿರ ಹೋಗಲಿ, ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗವಾದರೂ ಸಾಕು. ಡಬ್ಬಿ ಬಿಸಾಕದೆ ಜಿಪ್ ಕವರಿಗೆ ಹಾಕಿ ಜೊತೆಗೆ ಒಯ್ಯಲಿ. ಒಳಗಿದ್ದದ್ದು ಸ್ಟೀರಾಯ್ಡ್ ಆಗಿದ್ದರೆ ಅದಕ್ಕಿಂತ ಸೌಮ್ಯವಾದದ್ದಕ್ಕೆ ಬದಲಾಯಿಸಿ ನಿಧಾನವಾಗಿ ಬಿಡಿಸಬೇಕೇ ಎಂದು ಅವರು ಹೇಳುತ್ತಾರೆ. ಉರಿ ತಡೆಯಲಾರದೆ ಮತ್ತೆ ಅದೇ ಕ್ರೀಮಿಗೆ ಹೋಗುವುದೇ ಇಲ್ಲಿ ಎಲ್ಲರೂ ಬೀಳುವ ಗುಂಡಿ. ಅಲ್ಲಿಯವರೆಗೆ ತಣ್ಣೀರು, ವಾಸನೆ ಬಣ್ಣ ಇಲ್ಲದ ಪೆಟ್ರೋಲಿಯಂ ಜೆಲ್ಲಿ, ಬಿಸಿಲಿಗೆ ಸೆರಗೋ ಛತ್ರಿಯೋ. ಬ್ಲೀಚ್, ಫೇಶಿಯಲ್, ಸ್ಕ್ರಬ್, ಹಬೆ, ನಿಂಬೆ, ಕಡಲೆಹಿಟ್ಟು ಯಾವುದೂ ಬೇಡ. ಕಾಲು ಊತ, ಬೆಳಗ್ಗೆ ಕಣ್ಣ ಸುತ್ತ ಊತ, ಮೂತ್ರದಲ್ಲಿ ನಿಲ್ಲುವ ನೊರೆ ಇದ್ದರೆ ಕಾಯದೆ ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮಾಡಿಸಿ, ಕ್ರೀಮಿನ ವಿಷಯ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ದಿಂಬಿನ ಕವರು, ಟವೆಲ್ ಬೇರೆ ಮಾಡಿ. ಪಾದರಸ ಅವುಗಳಿಂದ ಮನೆಯ ಮಕ್ಕಳಿಗೂ ತಾಗುತ್ತದೆ.

ಇನ್ನು ಲೋಷನ್. ಲೇಬಲ್ ಓದುವ ಒಂದು ಸುಲಭ ಉಪಾಯ ಇದೆ. ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಬರೆಯಬೇಕು, ಆದರೆ 1 ಶೇಕಡಾಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಿ ಬೇಕಾದರೂ ಹಾಕಬಹುದು. ಫೀನಾಕ್ಸಿಎಥನಾಲ್ ಅನ್ನುವ ಪ್ರಿಸರ್ವೇಟಿವಿಗೆ ಗರಿಷ್ಠ ಮಿತಿ 1 ಶೇಕಡಾ. ಹಾಗಾಗಿ ಅದರ ಹೆಸರು ಎಲ್ಲಿ ಬಂದಿದೆಯೋ ಅದರ ನಂತರದ್ದೆಲ್ಲ 1 ಶೇಕಡಾಕ್ಕಿಂತ ಹೆಚ್ಚಿರಲಾರದು. ಮುಂದುಗಡೆ ‘ಕೇಸರಿ ಬಾದಾಮಿ’ ಎಂದು ದೊಡ್ಡದಾಗಿ ಬರೆದು, ಹಿಂದುಗಡೆ ಆ ಎರಡೂ ಫೀನಾಕ್ಸಿಎಥನಾಲ್ ಆದಮೇಲೆ ಬಂದಿದ್ದರೆ ನೀವು ಕೊಟ್ಟದ್ದು ಕೇಸರಿಯ ಚಿತ್ರಕ್ಕೆ. ಪಟ್ಟಿಗಿಂತ ಮೊದಲು ನೋಡಬೇಕಾದ್ದು ತಯಾರಕರ ವಿಳಾಸ, ತಯಾರಿಕಾ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಬಳಸಬೇಕಾದ ಕೊನೆಯ ದಿನಾಂಕ. ಹೊರದೇಶದ್ದಾದರೆ ಆಮದು ಮಾಡಿದವರ ವಿಳಾಸ ಮತ್ತು ನೋಂದಣಿ ಸಂಖ್ಯೆ. ಇವು ಇಲ್ಲದ ಡಬ್ಬಿಯ ಪದಾರ್ಥಪಟ್ಟಿ ಓದಿ ಪ್ರಯೋಜನವಿಲ್ಲ. ಪಾದರಸ ಹಾಕುವವನು ಪಟ್ಟಿಯಲ್ಲಿ ಸುಳ್ಳು ಹೇಳಲು ಯಾಕೆ ಹಿಂಜರಿಯುತ್ತಾನೆ?

ಪ್ಯಾರಬೆನ್ ಭಯ ಹಬ್ಬಿದ್ದು ಮುಖ್ಯವಾಗಿ 2004ರ ಒಂದು ಸಣ್ಣ ಅಧ್ಯಯನದಿಂದ. 20 ಸ್ತನ ಗಡ್ಡೆಗಳ ಮಾದರಿಯಲ್ಲಿ ಪ್ಯಾರಬೆನ್ ಸಿಕ್ಕಿತು ಎಂದಿತ್ತು. ಆರೋಗ್ಯವಂತ ಭಾಗದ ಜೊತೆ ಹೋಲಿಸಿರಲಿಲ್ಲ, ಅದರಿಂದಲೇ ಗಡ್ಡೆ ಬಂತು ಎಂದೂ ಹೇಳಿರಲಿಲ್ಲ. ಪೂರ್ತಿ ನಿರ್ಲಕ್ಷಿಸಿ ಅನ್ನುತ್ತಿಲ್ಲ. ಯುರೋಪಿನಲ್ಲಿ ಮೀಥೈಲ್ ಮತ್ತು ಈಥೈಲ್ ಪ್ಯಾರಬೆನ್ ಒಂದೊಂದಕ್ಕೆ 0.4 ಶೇಕಡಾ, ಪ್ರೊಪೈಲ್ ಮತ್ತು ಬ್ಯೂಟೈಲ್‌ಗೆ ಒಟ್ಟು 0.14 ಶೇಕಡಾ ಮಿತಿ. ಐಸೊಪ್ರೊಪೈಲ್, ಐಸೊಬ್ಯೂಟೈಲ್ 2014ರಲ್ಲೇ ನಿಷೇಧ. ಮೂರು ವರ್ಷದೊಳಗಿನ ಮಕ್ಕಳ ನ್ಯಾಪಿ ಜಾಗಕ್ಕೆ ಹಚ್ಚಿ ತೊಳೆಯದೆ ಬಿಡುವ ಕ್ರೀಮುಗಳಲ್ಲಿ ಪ್ರೊಪೈಲ್, ಬ್ಯೂಟೈಲ್ ಅಲ್ಲಿ ಸಲ್ಲದು. ಇಷ್ಟು ಎಚ್ಚರ ಸಾಕು. ಅಲರ್ಜಿ ವಿಷಯಕ್ಕೆ ಬಂದರೆ ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2019ರಲ್ಲಿ ಪ್ಯಾರಬೆನ್ನಿಗೆ ‘ವರ್ಷದ ಅಲರ್ಜಿಯಲ್ಲದ ವಸ್ತು’ ಎಂದೇ ಹೆಸರಿಟ್ಟಿತು. ಅದೇ ಸಂಘ 2013ರಲ್ಲಿ ‘ವರ್ಷದ ಅಲರ್ಜಿ ವಸ್ತು’ ಎಂದದ್ದು ಮೀಥೈಲ್‌ಐಸೋಥಯಜೋಲಿನೋನ್ ಅನ್ನು. ಪ್ಯಾರಬೆನ್ ಬೇಡ ಎಂದು ಜನ ಗಲಾಟೆ ಮಾಡಿದ ಕಾಲದಲ್ಲಿ ಎಷ್ಟೋ ಲೋಷನ್ನುಗಳಿಗೆ ಬಂದು ಸೇರಿದ್ದು ಇದೇ. ಹಚ್ಚಿ ಬಿಡುವ ಕ್ರೀಮುಗಳಲ್ಲಿ ಯುರೋಪು 2017ರಿಂದ ಇದನ್ನು ನಿಷೇಧಿಸಿತು, ತೊಳೆದುಹೋಗುವ ಶಾಂಪೂಗೆ 15 ಪಿಪಿಎಂ ಮಿತಿ ಇಟ್ಟಿತು. ‘ಥಯಜೋಲಿನೋನ್’ ಎಂದು ಕೊನೆಯಾಗುವ ಹೆಸರು ಮುಖದ ಕ್ರೀಮಿನಲ್ಲಿ ಕಂಡರೆ ವಾಪಸು ಇಡಿ.

ಎಸ್ಜಿಮಾ ಇದ್ದವರು, ಆಗಾಗ ತುರಿಕೆ ಆಗುವವರು ಇನ್ನೆರಡು ನೋಡಬೇಕು. ಡಿಎಂಡಿಎಂ ಹೈಡಾಂಟಾಯಿನ್, ಡಯಜೋಲಿಡಿನಿಲ್ ಯೂರಿಯಾ, ಕ್ವಾಟರ್ನಿಯಂ-15 ಇವು ನಿಧಾನವಾಗಿ ಫಾರ್ಮಾಲ್ಡಿಹೈಡ್ ಬಿಡುವ ಪ್ರಿಸರ್ವೇಟಿವುಗಳು. ಎರಡನೆಯದು ‘ಪರ್ಫ್ಯೂಮ್’ ಅಥವಾ ‘ಫ್ರೇಗ್ರೆನ್ಸ್’ ಅನ್ನುವ ಒಂದೇ ಪದ. ಅದರೊಳಗೆ ಹತ್ತಾರು ವಸ್ತು ಅಡಗಿರುತ್ತವೆ, ಬಿಡಿಸಿ ಹೇಳಬೇಕಿಲ್ಲ. ಕ್ರೀಮಿನಿಂದ ಅಲರ್ಜಿ ಆಗುವವರಲ್ಲಿ ಕಾರಣವಾಗಿ ಪದೇಪದೇ ಸಿಗುವುದು ಪ್ಯಾರಬೆನ್ ಅಲ್ಲ, ವಾಸನೆ. ‘ನೈಸರ್ಗಿಕ’ ಎಣ್ಣೆಯ ವಾಸನೆಯೂ ಇದಕ್ಕೆ ಹೊರತಲ್ಲ, ದಾಲ್ಚಿನ್ನಿ ಲವಂಗದ ಎಣ್ಣೆಗಳು ಮುಖಕ್ಕೆ ಬೇಡವೇ ಬೇಡ. ಬಸುರಿಯರು ರೆಟಿನಾಲ್, ಟ್ರೆಟಿನಾಯಿನ್ ಇರುವುದನ್ನು ಬಿಡಬೇಕು.

ಈಗ ನಿಮ್ಮ ಲೋಳೆಸರದ ಕ್ರೀಮು. ತಾಜಾ ಲೋಳೆ, ಕೊಬ್ಬರಿ ಎಣ್ಣೆ, ಜೇನುಮೇಣ, ನಾಲ್ಕು ವಿಟಮಿನ್ ಇ ಮಾತ್ರೆ ಎಂದು ಬರೆದಿದ್ದೀರಿ. ಇಲ್ಲಿ ಎರಡು ತಪ್ಪಿವೆ. ಜೇನುಮೇಣ ಒಂದೇ ನೀರು-ಎಣ್ಣೆಯನ್ನು ಕಟ್ಟಿಹಿಡಿಯುವುದಿಲ್ಲ, ನಾಲ್ಕು ದಿನಕ್ಕೆ ನೀರು ಬೆವರಿದಂತೆ ಮೇಲೆ ಬರುತ್ತದೆ, ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಎರಡನೆಯದು, ವಿಟಮಿನ್ ಇ ಪ್ರಿಸರ್ವೇಟಿವ್ ಅಲ್ಲ. ಎಣ್ಣೆ ಕಮಟು ವಾಸನೆ ಬರದಂತೆ ತಡೆಯುತ್ತದೆ, ಬ್ಯಾಕ್ಟೀರಿಯಾಕ್ಕೆ ಏನೂ ಮಾಡದು. ಕಪ್ಪು ಚುಕ್ಕೆ ಕಣ್ಣಿಗೆ ಕಾಣುವ ಎಷ್ಟೋ ದಿನ ಮೊದಲೇ ಬ್ಯಾಕ್ಟೀರಿಯಾ ತುಂಬಿರುತ್ತವೆ. ಚುಕ್ಕೆ ತೆಗೆದು ಉಳಿದದ್ದು ಹಚ್ಚಬೇಡಿ, ಕಣ್ಣಿನ ಹತ್ತಿರವಂತೂ ಬೇಡವೇ ಬೇಡ.

ಸರಿಯಾಗಿ ಮಾಡುವುದಾದರೆ 100 ಗ್ರಾಂಗೆ ಲೆಕ್ಕ ಹೀಗೆ: ಡಿಸ್ಟಿಲ್ಡ್ ನೀರು 72, ಗ್ಲಿಸರಿನ್ 4, ಎಣ್ಣೆ 16, ಎಮಲ್ಸಿಫೈಯಿಂಗ್ ವ್ಯಾಕ್ಸ್ (ನೀರು-ಎಣ್ಣೆ ಕಟ್ಟಿಹಿಡಿಯುವ ಮೇಣ) 6, ಸಿಟೈಲ್ ಆಲ್ಕೊಹಾಲ್ (ಕ್ರೀಮು ಗಟ್ಟಿಯಾಗಲು) 1, ಫೀನಾಕ್ಸಿಎಥನಾಲ್ ಮತ್ತು ಎಥೈಲ್‌ಹೆಕ್ಸಿಲ್‌ಗ್ಲಿಸರಿನ್ ಕೂಡಿದ ಪ್ರಿಸರ್ವೇಟಿವ್ 1. ನೀರು-ಗ್ಲಿಸರಿನ್ ಒಂದು ಪಾತ್ರೆ, ಎಣ್ಣೆ-ಮೇಣ ಇನ್ನೊಂದು. ಎರಡನ್ನೂ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು 75 ಡಿಗ್ರಿಗೆ ತಂದು 20 ನಿಮಿಷ ಹಿಡಿಯಿರಿ. ನೀರಿನ ಪಾತ್ರೆ ಮತ್ತೆ ತೂಗಿ, ಆವಿಯಾದಷ್ಟು ಬಿಸಿನೀರು ತುಂಬಿ. ಒಂದಕ್ಕೊಂದು ಸುರಿದು ಹ್ಯಾಂಡ್ ಬ್ಲೆಂಡರಿನಲ್ಲಿ ಬಿಟ್ಟುಬಿಟ್ಟು ಎರಡು-ಮೂರು ನಿಮಿಷ ತಿರುಗಿಸಿ, ಆಮೇಲೆ ಕೈಯಲ್ಲಿ ಕದಡುತ್ತಾ ಆರಿಸಿ. 40 ಡಿಗ್ರಿಗೆ ಇಳಿದ ಮೇಲೆ ಪ್ರಿಸರ್ವೇಟಿವ್ ಹಾಕಿ. ಹನಿ ಲೆಕ್ಕ ಬೇಡ, 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಪ್ರಿಸರ್ವೇಟಿವ್ ಅರ್ಧಕ್ಕೆ ಇಳಿದರೆ ಕ್ರೀಮು ಕೆಡುತ್ತದೆ, ಎರಡರಷ್ಟಾದರೆ ಮುಖ ಚುರುಗುಟ್ಟುತ್ತದೆ. ಹುಳಿ-ಕ್ಷಾರ ಅಳೆಯುವ ಪಿಎಚ್ ಕಾಗದದಲ್ಲಿ 5ರಿಂದ 5.5 ಬರಬೇಕು, ಹೆಚ್ಚಿದ್ದರೆ ನೀರಲ್ಲಿ ಕರಗಿಸಿದ ಸಿಟ್ರಿಕ್ ಆಸಿಡ್ ಹನಿಹನಿಯಾಗಿ. ಬಾಟಲಿಗೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ ಒಣಗಲು ಬಿಡಿ. ಬೆರಳು ಅದ್ದುವ ಡಬ್ಬಿಗಿಂತ ಪಂಪ್ ಬಾಟಲಿ ವಾಸಿ. ಎರಡು ತಿಂಗಳಲ್ಲಿ ಮುಗಿಸಿ. ತಾಜಾ ಲೋಳೆ ಇದಕ್ಕೆ ಹಾಕಬೇಡಿ, ಅದು ಸೂಕ್ಷ್ಮಜೀವಿಗಳಿಗೆ ಊಟ. ಬೇಕಿದ್ದರೆ ಎಲೆ ಕೊಯ್ದು ನಿಲ್ಲಿಸಿ, ಹಳದಿ ಹಾಲು ಪೂರ್ತಿ ಸುರಿದುಹೋದ ಮೇಲೆ ಒಳಗಿನ ತಿಳಿ ಲೋಳೆಯನ್ನು ಅಂದಂದಿಗೆ ಹಚ್ಚಿ. ಆ ಹಳದಿ ಹಾಲೇ ತುರಿಕೆ ತರುವುದು.

ಪ್ರಿಸರ್ವೇಟಿವ್ ಬೇಡವೇ ಬೇಡ ಅನ್ನುವವರು ನೀರೇ ಇಲ್ಲದ್ದು ಮಾಡಿ. 80 ಗ್ರಾಂ ಕೊಬ್ಬರಿ ಎಣ್ಣೆಗೆ 20 ಗ್ರಾಂ ಜೇನುಮೇಣ, ಅರ್ಧ ಗ್ರಾಂ ವಿಟಮಿನ್ ಇ. ಒದ್ದೆ ಬೆರಳು ಹಾಕದಿದ್ದರೆ ತಿಂಗಳುಗಟ್ಟಲೆ ಇರುತ್ತದೆ.

ಕಾಮೆಂಟಿನಲ್ಲಿ ಯಾರೋ ‘ಕೆಮಿಕಲ್ ಬಿಟ್ಟು ನಿಂಬೆ-ಅಡುಗೆ ಸೋಡ ಹಚ್ಚಿ’ ಎಂದಿದ್ದಾರೆ. ಚರ್ಮದ ಪಿಎಚ್ ಸುಮಾರು 5, ನಿಂಬೆರಸದ್ದು ಸುಮಾರು 2. ಆ ಅಳತೆಯಲ್ಲಿ ಮೂರರ ವ್ಯತ್ಯಾಸ ಅಂದರೆ ಸಾವಿರ ಪಟ್ಟು ಹುಳಿ. ಮೇಲೆ ಬಿಸಿಲು ಬಿದ್ದರೆ ಸುಟ್ಟ ಕಲೆಯಾಗಿ ಕೂರುತ್ತದೆ. ಸೋಡ ಅದಕ್ಕೆ ವಿರುದ್ಧ ದಿಕ್ಕಿಗೆ ಎಳೆದು ಚರ್ಮ ಒಣಗಿಸುತ್ತದೆ. ಹಾಗೇ ಸ್ಟಿಕ್ಕರ್ ಬೊಟ್ಟು ಇಡುವ ಜಾಗದಲ್ಲಿ ಬಿಳಿ ಮಚ್ಚೆ ಬಂದಿದ್ದರೆ ಅದು ಅಂಟಿನಲ್ಲಿರುವ ಬ್ಯೂಟೈಲ್ ಫೀನಾಲಿನಿಂದ ಆಗಿರಬಹುದು. ಸ್ಟಿಕ್ಕರ್ ನಿಲ್ಲಿಸಿ ತೋರಿಸಿ, ತಡ ಮಾಡಿದಷ್ಟೂ ಬಣ್ಣ ಮರಳುವುದು ಕಷ್ಟ.

ಹೊಸ ಕ್ರೀಮು ಯಾವುದೇ ಇರಲಿ, ಮನೆಯದ್ದೂ ಸೇರಿ, ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಏಳು ದಿನ ಹಚ್ಚಿ ನೋಡಿ. ಒಂದು ರಾತ್ರಿಯ ಪರೀಕ್ಷೆ ಸಾಲದು, ಅಲರ್ಜಿ ಎಷ್ಟೋ ಸಲ ನಾಲ್ಕನೇ ಐದನೇ ದಿನ ಏಳುತ್ತದೆ. ತಲೆಗೂದಲ ಬಣ್ಣ ಮಾತ್ರ ಹೀಗೆ ದಿನಾ ಹಚ್ಚಬೇಡಿ, ಒಂದೇ ಸಲ ಹಚ್ಚಿ 48 ಗಂಟೆ ಕಾಯಿರಿ.

ಇದನ್ನೇ ಮಾಡಿ ಮಾರಬಹುದಾ ಎಂದು ಕೇಳಿದವರಿಗೆ: ಅಕ್ಕಪಕ್ಕದವರಿಗೆ ಉಡುಗೊರೆ ಬೇರೆ, ಮಾರಾಟ ಬೇರೆ. ಮಾರಾಟಕ್ಕೆ ಅದೇ 2020ರ ನಿಯಮದಡಿ ಕಾಸ್-8 (COS-8) ನಮೂನೆಯ ತಯಾರಿಕಾ ಲೈಸೆನ್ಸ್ ಬೇಕು, ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ಕಾಸ್-5 ಅರ್ಜಿ ಹಾಕಬೇಕು. ಇನ್‌ಸ್ಟಾಗ್ರಾಮಿನಲ್ಲಿ ಮಾರಿದರೂ ಅದೇ ನಿಯಮ.