ಊಟ ಹಲಾಲ್ ಇದ್ದರೆ ಸಾಕಾ? ಲೊಂಬೊಕ್ ಟ್ರಿಪ್‌ನ ಒಂದು ಜಗಳ

(ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ನನ್ನ ಬಳಿ ಕೌನ್ಸೆಲಿಂಗ್‌ಗೆ ಬಂದ ದಂಪತಿ. ಮದುವೆಯಾಗಿ ಆರು ವರ್ಷ. ನಾಲ್ಕು ವರ್ಷದ ಮಗಳಿದ್ದಾಳೆ. ವಾಸ ಬೆಂಗಳೂರು. ಆಕೆ ಕರಾವಳಿಯ ಬ್ಯಾರಿ ಮನೆಯವರು, ಆತನ ಮನೆಮಾತು ದಖನಿ. ಇಬ್ಬರ ನಡುವಿನ ಮಾತು, ಜಗಳ ಎಲ್ಲಾ ಕನ್ನಡದಲ್ಲೇ. ಏನು ತೊಂದರೆ ಅಂತ ಕೇಳಿದರೆ "ಒಂದು ಟ್ರಿಪ್ ಮೇಡಂ" ಅಂದರು.

ಇವರ ಹನಿಮೂನ್ ಊಟಿಯಲ್ಲಿ ಆಗಿತ್ತು. ಹೋಗಿದ್ದು ಒಂಬತ್ತು ಜನ. ಆ ಬಾಕಿ ತೀರಿಸಲು ಗಂಡ ಇಂಡೊನೇಷ್ಯಾದ ಲೊಂಬೊಕ್ ದ್ವೀಪಕ್ಕೆ ಎಂಟು ದಿನದ ಪ್ಲಾನ್ ಹಾಕಿದ್ದರು. ಬಾಲಿಯ ಪಕ್ಕದ ದ್ವೀಪ ಅದು. ಅಲ್ಲಿನ ಸಾಸಾಕ್ ಜನರಲ್ಲಿ ಬಹುತೇಕರು ಮುಸ್ಲಿಮರು, ಊರೂರಿಗೂ ಮಸೀದಿ. ಪ್ಲಾನ್ ನೋಡಿದ ಹೆಂಡತಿ ಹೇಳಿದ್ದು ಒಂದೇ ಮಾತು: "ನಾನು ಬರಲ್ಲ."

"ಎಲ್ಲಾ ಹಲಾಲ್ ನೋಡಿಯೇ ಮಾಡಿದೀನಿ ಮೇಡಂ. 2015ರಲ್ಲಿ ಜಗತ್ತಿನ ಅತ್ಯುತ್ತಮ ಹಲಾಲ್ ಹನಿಮೂನ್ ತಾಣ ಅಂತ ಲೊಂಬೊಕ್‌ಗೆ ಪ್ರಶಸ್ತಿ ಬಂದಿದೆ" ಅಂದರು ಆತ.

"ಪ್ರಶಸ್ತಿ ಬಂದಿದ್ದು ಜಾಗಕ್ಕೆ" ಅಂದರು ಆಕೆ. ಮತ್ತೆ ಸುಮ್ಮನಾದರು.

ಆತ ಲ್ಯಾಪ್‌ಟಾಪ್ ತೆರೆದರು. ರಿಂಜಾನಿ ಜ್ವಾಲಾಮುಖಿ, 3726 ಮೀಟರ್ ಎತ್ತರ. 1257ರಲ್ಲಿ ಅದರ ಪಕ್ಕದ ಸಮಾಲಸ್ ಶಿಖರ ಸಿಡಿದು ಕುಸಿದ ಜಾಗದಲ್ಲಿ ಈಗ ಸೆಗಾರಾ ಅನಾಕ್ ಅನ್ನೋ ಸರೋವರ. ಅದರ ಮಧ್ಯೆ ಇನ್ನೊಂದು ಪುಟ್ಟ ಜ್ವಾಲಾಮುಖಿ. ಮೂರು ದಿನ ಎರಡು ರಾತ್ರಿ ಚಾರಣ, ಆಮೇಲೆ ಗಿಲಿ ಟ್ರಾವಂಗನ್ ದ್ವೀಪ. ಹೇಳುವಾಗ ಆತನ ಕಣ್ಣು ಮಿಂಚುತ್ತಿತ್ತು. ಆಕೆ ಕಿಟಕಿ ಕಡೆ ನೋಡುತ್ತಿದ್ದರು. ಒಬ್ಬರು ವಿವರ ಹೆಚ್ಚಿಸಿದಷ್ಟೂ ಇನ್ನೊಬ್ಬರು ದೂರ ಹೋಗುವುದನ್ನು ಈ ಕೆಲಸದಲ್ಲಿ ಬಹಳ ನೋಡಿದ್ದೇನೆ.

ಲ್ಯಾಪ್‌ಟಾಪ್ ಮುಚ್ಚಿಸಿ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ಜಾಗದ ಹೆಸರು ಬರೆಯುವ ಹಾಗಿಲ್ಲ. ಆ ಎಂಟು ದಿನದಲ್ಲಿ ನಿಮಗೆ ಬೇಕಾದ ಒಂದೇ ಒಂದು ಗಂಟೆ ಹೇಗಿರಬೇಕು, ಅದನ್ನು ಬರೆಯಿರಿ ಅಂದೆ.

ಆತ ಬರೆದಿದ್ದು: "ಎತ್ತರದಲ್ಲಿ, ಬೆಳಿಗ್ಗೆ, ಚಳಿಯಲ್ಲಿ ಇಬ್ಬರೇ ಚಾ ಕುಡಿಯೋದು."

ಆಕೆಯದು: "ಸಮುದ್ರದಲ್ಲಿ ಕತ್ತಿನ ತನಕ ನೀರು. ಯಾರೂ ನೋಡಬಾರದು. ಫೋಟೊ ತೆಗೀಬಾರದು."

ಆಕೆಯ ತವರು ಕಡಲತೀರದಲ್ಲೇ ಇದೆ. ಈಕೆಗೆ ಹನ್ನೆರಡು ವರ್ಷ ಆದಮೇಲೆ ಮನೆಯವರು "ಇನ್ನು ಸಾಕು" ಅಂತ ನೀರಿಗಿಳಿಯೋದು ನಿಲ್ಲಿಸಿದ್ದರು. ಅಣ್ಣಂದಿರು ಈಜುತ್ತಿದ್ದರು, ಈಕೆ ದಡದಲ್ಲಿ ಚಪ್ಪಲಿ ಕಾಯುತ್ತಿದ್ದರು. ಆರು ವರ್ಷದಲ್ಲಿ ಇದು ಗಂಡನಿಗೆ ಗೊತ್ತೇ ಇರಲಿಲ್ಲ. "ಹೇಳಬಹುದಿತ್ತಲ್ವಾ" ಅಂದರು ಆತ. "ನೀವು ಕೇಳಿದ್ದು ಊಟದ ಬಗ್ಗೆ ಮಾತ್ರ" ಅಂದರು ಆಕೆ.

ಇಲ್ಲಿಂದ ಮಾತು ಸಲೀಸಾಯಿತು. ಟ್ರಿಪ್ ಹಲಾಲ್ ಆಗಿರಬೇಕು ಅಂತ ಇಬ್ಬರೂ ಒಪ್ಪಿದ್ದರು. ಆದರೆ ಆತನ ಪಟ್ಟಿಯಲ್ಲಿ ಇದ್ದದ್ದು ಮಾಂಸ, ಮಸೀದಿ. ಆಕೆಗೆ ಬೇಕಿದ್ದು ಮರೆ, ಮರ್ಯಾದೆ, ಯಾರ ಕಣ್ಣೂ ಬೀಳದ ನೀರು. ಎರಡು ರಾತ್ರಿ ಗುಡಾರದಲ್ಲಿ, ಸುತ್ತ ಅಪರಿಚಿತರ ಗುಂಪುಗಳು, ಗುಂಡಿ ತೋಡಿ ಬಟ್ಟೆ ಸುತ್ತಿದ ಶೌಚ, ವುಝೂ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋದು) ಮಾಡಲು ಅಳತೆಯ ನೀರು. ಮುಟ್ಟಿನ ದಿನ ಅಲ್ಲೇ ಬಂದರೆ? ಇದನ್ನು ಆತ ಯೋಚಿಸಿರಲೇ ಇಲ್ಲ. ಭಯವೂ ಇತ್ತು. 2025ರ ಜೂನ್‌ನಲ್ಲಿ ಬ್ರೆಜಿಲ್‌ನ ಯುವತಿಯೊಬ್ಬಳು ರಿಂಜಾನಿಯಲ್ಲಿ ಜಾರಿಬಿದ್ದು ತೀರಿಕೊಂಡ ಸುದ್ದಿಯನ್ನು ಆಕೆ ಓದಿದ್ದರು. ಪುಕ್ಕಲಿ ಅಂದುಬಿಡ್ತಾರೆ ಅಂತ ಬಾಯಿ ಬಿಟ್ಟಿರಲಿಲ್ಲ.

ನಾನು ಟ್ರಾವೆಲ್ ಏಜೆಂಟ್ ಅಲ್ಲ. ಆದರೂ ಆ ದಿನ ಅರ್ಧ ಹೊತ್ತು ಅದೇ ಕೆಲಸ ಆಯಿತು. ಆಸೆಗಳು ಮೇಜಿನ ಮೇಲೆ ಬಂದಮೇಲೆ ನಕ್ಷೆ ತೆಗೆದರೆ ತಪ್ಪೇನಿಲ್ಲ.

ಶಿಖರ ಬಿಡಿ ಅಂದೆ. ಕೊನೆಯ ಏರು ನಡುರಾತ್ರಿ ಕಳೆದು ಶುರುವಾಗುತ್ತೆ, ಕಾಲಿಟ್ಟರೆ ಜಾರುವ ಜ್ವಾಲಾಮುಖಿಯ ಪುಡಿಗಲ್ಲು. ಆತನಿಗೆ ಬೇಕಿದ್ದು ಎತ್ತರ, ಚಳಿ, ಚಾ ತಾನೇ? ಬುಡದ ಸೆಂಬಾಲುನ್ ಕಣಿವೆಯಲ್ಲಿ ಇದು ಮೂರೂ ಸಿಗುತ್ತೆ. ಅಲ್ಲಿ ಕೋಣೆ ಮಾಡಿಕೊಂಡು ಬೆಳಿಗ್ಗೆ ಬುಕಿಟ್ ಸೆಲೊಂಗ್ ಅನ್ನೋ ಪುಟ್ಟ ಗುಡ್ಡ ಹತ್ತಿದರೆ ಕೆಳಗೆ ಹೊಲಗಳ ತುಂಡುಗಳು, ಎದುರಿಗೆ ರಿಂಜಾನಿ. ಸೆನಾರು ಹಳ್ಳಿ ಕಡೆ ಹೋದರೆ ಸೆಂಡಾಂಗ್ ಗಿಲೆ, ತಿಯು ಕೆಲೆಪ್ ಜಲಪಾತಗಳಿವೆ. ಹಗಲಲ್ಲೇ ನಡೆದು ವಾಪಸ್ ಬರಬಹುದು.

ಗಿಲಿ ಟ್ರಾವಂಗನ್‌ಗೆ ಆಕೆ ಸ್ಪಷ್ಟವಾಗಿ ಬೇಡ ಅಂದರು. ಸರಿಯಾಗಿಯೇ ಅಂದರು. ಲೊಂಬೊಕ್ ಪಕ್ಕದ ಮೂರು ಗಿಲಿಗಳಲ್ಲಿ (ಗಿಲಿ ಅಂದರೆ ಪುಟ್ಟ ದ್ವೀಪ) ಬಾರು, ಪಾರ್ಟಿ ಜಾಸ್ತಿ ಇರೋದು ಅಲ್ಲೇ. ಪಕ್ಕದ ಗಿಲಿ ಮೆನೊ ಮೂರರಲ್ಲೂ ಚಿಕ್ಕದು, ಶಾಂತ. ಮೋಟಾರು ಗಾಡಿ ಯಾವ ಗಿಲಿಯಲ್ಲೂ ಇಲ್ಲ, ಕುದುರೆಗಾಡಿ ಇಲ್ಲವೇ ಸೈಕಲ್ಲು. ಮೆನೊ ಸುತ್ತ ಕಡಲಾಮೆಗಳು ಕಾಣುತ್ತವೆ. ಮುಂಗಡ ಕಟ್ಟುವ ಮೊದಲು ಹೋಟೆಲಿನವರಿಗೆ ಬರೆದು ಕೇಳಿ ಅಂದೆ: ವಿಲ್ಲಾದ ಕೊಳಕ್ಕೆ ನಾಲ್ಕೂ ಕಡೆ ಗೋಡೆ ಇದೆಯಾ? ಬುರ್ಕಿನಿಗೆ (ಮೈ ಪೂರ್ತಿ ಮುಚ್ಚುವ ಈಜುಡುಗೆ) ಅಭ್ಯಂತರ ಇದೆಯಾ? ಕೋಣೆಯ ಫ್ರಿಜ್‌ನಿಂದ ಮದ್ಯ ತೆಗೆಸುತ್ತೀರಾ? "ಹಲಾಲ್ ಫ್ರೆಂಡ್ಲಿ" ಅಂತ ಬೋರ್ಡ್ ಹಾಕಿದವರೆಲ್ಲ ಈ ಮೂರಕ್ಕೂ ಹೂಂ ಅನ್ನಲ್ಲ. ಈ ಪತ್ರ ಆಕೆಯೇ ಬರೆಯಬೇಕು ಅಂತಲೂ ಹೇಳಿದೆ. ಕೊಳದ ಗೋಡೆ ಎಷ್ಟು ಎತ್ತರ ಇದ್ದರೆ ಸಾಕು ಅನ್ನೋದು ಗೊತ್ತಿರೋದು ಆಕೆಗೆ.

ಕಾಲ? ಮೇಯಿಂದ ಅಕ್ಟೋಬರ್ ತನಕ ಒಣಹವೆ. ಜುಲೈ, ಆಗಸ್ಟ್ ಜನಜಂಗುಳಿ. ಸೆಪ್ಟೆಂಬರ್ ಅಂತ ಆಯಿತು. ಭೂಕಂಪದ ಜಾಗ ಅನ್ನೋದನ್ನೂ ಮರೆಯಬೇಡಿ ಅಂದೆ, 2018ರ ಆಗಸ್ಟ್‌ನಲ್ಲಿ ಅಲ್ಲಿ ನೂರಾರು ಜನ ಸತ್ತಿದ್ದಾರೆ. ವಿಮೆ ಮಾಡಿಸಿ, ಹೊರಡುವ ಮುಂಚೆ ಜ್ವಾಲಾಮುಖಿಯ ಎಚ್ಚರಿಕೆ ಮಟ್ಟ ನೋಡಿ.

ಊಟ ಸುಲಭ ಅಂದುಕೊಂಡಿದ್ದೆ. ಅಲ್ಲೂ ಒಂದು ಗಂಟು ಸಿಕ್ಕಿತು. ಲೊಂಬೊಕ್‌ನ ತಾಲಿವಾಂಗ್ ಕೋಳಿ, ಕಾಂಗ್ಕುಂಗ್ ಸೊಪ್ಪಿನ ಖಾರದ ಪಲ್ಯ ಇವೆಲ್ಲ ಸರಿಯೇ. ಪಶ್ಚಿಮ ಭಾಗದಲ್ಲಿ ಬಾಲಿಯ ಹಿಂದೂಗಳೂ ಇದ್ದಾರೆ, ಕೆಲವು ಅಂಗಡಿಯಲ್ಲಿ ಹಂದಿ ಇರುತ್ತೆ. "ಬಾಬಿ" ಅಂತ ಬರೆದಿದ್ದರೆ ಮುಂದೆ ಹೋದರಾಯಿತು. ಗಂಟು ಇದ್ದದ್ದು ಮನೆಯೊಳಗೆ. ಹನಫಿ, ಶಾಫಿ ಅಂದರೆ ಇಸ್ಲಾಮಿನ ಧರ್ಮನಿಯಮಗಳ ಎರಡು ಪಂಥ. ಆತನ ಮನೆ ಹನಫಿ; ಏಡಿ, ಬೊಂಡಾಸ್ (ಸ್ಕ್ವಿಡ್) ತಿನ್ನುವುದಿಲ್ಲ. ಆಕೆಯ ತವರು ಶಾಫಿ, ಅಲ್ಲಿ ಎಲ್ಲ ನಡೆಯುತ್ತೆ. ಇಂಡೊನೇಷ್ಯಾದವರೂ ಹೆಚ್ಚಾಗಿ ಶಾಫಿಗಳೇ. ಮದುವೆಯಾದಾಗಿನಿಂದ ಆಕೆ ಬೊಂಡಾಸ್ ಮುಟ್ಟಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಅತ್ತೆಯ ಮುಖ ನೋಡಿ ತಾನೇ ಬಿಟ್ಟಿದ್ದರು. ಧರ್ಮದ ತೀರ್ಪು ನನ್ನ ಕೆಲಸ ಅಲ್ಲ, ಅದನ್ನು ನಿಮ್ಮ ಉಸ್ತಾದರನ್ನು ಕೇಳಿ ಅಂದೆ. ಆತ ಅಷ್ಟರಲ್ಲೇ "ನೀನು ತಿನ್ನು, ನಾನು ಕೋಳಿ ತಿಂತೀನಿ" ಅಂದುಬಿಟ್ಟರು.

ಮಗಳು ಅಜ್ಜಿ ಮನೆಯಲ್ಲಿ ಇರುತ್ತಾಳೆ. ದಿನಕ್ಕೆ ಒಂದೇ ವಿಡಿಯೊ ಕರೆ. ಲೊಂಬೊಕ್ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಅಲ್ಲಿ ಎಂಟೂವರೆ ಆದಾಗ ಇಲ್ಲಿ ಸಂಜೆ ಆರು, ಮಗು ಎಚ್ಚರ ಇರುತ್ತೆ. ಫ್ಯಾಮಿಲಿ ಗ್ರೂಪಿಗೆ ಫೋಟೊ ಹಾಕೋದು ಆಕೆ ಒಪ್ಪಿದರೆ ಮಾತ್ರ.

ಕೊನೆಗೆ ಹೊರಬಂದದ್ದು ಅತ್ತೆಯ ವಿಷಯ. "ನಾವೂ ಬರಬಹುದಲ್ವಾ, ಮುಸ್ಲಿಂ ಊರೇ ಅಲ್ವಾ" ಅಂತ ಅವರು ಆಗಲೇ ಕೇಳಿಯಾಗಿತ್ತು. ಆತ ಉತ್ತರ ಕೊಟ್ಟಿರಲಿಲ್ಲ. ಇದನ್ನು ಹೆಂಡತಿಯ ಬಾಯಿಂದ ಹೇಳಿಸಬೇಡಿ, ನೀವೇ ಹೇಳಿ ಅಂದೆ. ಅಲ್ಲೇ ಅಭ್ಯಾಸ ಮಾಡಿಸಿದೆ. ಮೊದಲು ಬಂದದ್ದು "ಅಮ್ಮಿ, ಇವಳಿಗೆ ಇಷ್ಟ ಇಲ್ಲ." ಬೇಡ ಅಂದೆ. ಆಮೇಲೆ "ಅಮ್ಮಿ, ಕೌನ್ಸೆಲರ್ ಹೇಳಿದ್ರು." ಆಕೆ ಜೋರಾಗಿ ನಕ್ಕರು, ನಾನೂ ನಕ್ಕೆ. ಇನ್ನೊಂದು ಸಲ ಅಂದೆ. "ಅಮ್ಮಿ, ಈ ಸಲ ನಾವಿಬ್ಬರೇ ಹೋಗ್ತೀವಿ. ನನಗೇ ಹಾಗೆ ಬೇಕು." ಇದನ್ನೇ ಹೇಳಿ, ಇದಕ್ಕೆ ಇನ್ನೇನೂ ಸೇರಿಸಬೇಡಿ ಅಂತ ಕಳಿಸಿದೆ.