ಡೋರ್ ನಂಬರ್ ಇಲ್ಲದ ಊರಿನಲ್ಲಿ ಹೆಸರೇ ವಿಳಾಸ

ಪ್ರಶ್ನೆ: ಸರ್, ಎಂ.ಎಸ್. ಓದಲು ಜರ್ಮನಿಯ ಲೈಪ್‌ಜಿಗ್‌ಗೆ ಬಂದು ಮೂರು ವಾರ ಆಯಿತು. ಗೆಳೆಯನ ಬಾಡಿಗೆ ಮನೆಯಲ್ಲಿ ಉಳಿದುಕೊಂಡಿದ್ದೇನೆ. ಬ್ಯಾಂಕಿನವರು ಕಾರ್ಡಿನ ಪಿನ್ ಎರಡು ಸಲ ಕಳಿಸಿದ್ದಾರಂತೆ, ನನಗೆ ಬಂದೇ ಇಲ್ಲ. ಇನ್ಶೂರೆನ್ಸ್ ಕಾರ್ಡೂ ಬಂದಿಲ್ಲ. ಆನ್‌ಮೆಲ್ಡುಂಗ್ (ವಿಳಾಸ ನೋಂದಣಿ) ಆಗಿಲ್ಲ. ಈಗ ಆನ್‌ಲೈನಲ್ಲಿ ಒಂದು ಮನೆ ಸಿಕ್ಕಿದೆ. ಓನರ್ ಬೇರೆ ದೇಶದಲ್ಲಿದ್ದಾರಂತೆ, ಡಿಪಾಸಿಟ್ ಹಾಕಿದರೆ ಕೀ ಕೊರಿಯರ್ ಮಾಡುತ್ತಾರಂತೆ. ಹಾಕಲಾ? ಯಾವ ಕೆಲಸ ಮೊದಲು ಮಾಡಬೇಕೋ ತಿಳಿಯದೆ ತಲೆ ಕೆಟ್ಟುಹೋಗಿದೆ.

ಉತ್ತರ: ದುಡ್ಡು ಹಾಕಬೇಡಿ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಇವತ್ತು ಮನೆಗೆ ಹೋದಾಗ ಕೆಳಗಡೆ ಸಾಲಾಗಿರುವ ಅಂಚೆ ಡಬ್ಬಿಗಳನ್ನು ಒಮ್ಮೆ ನೋಡಿ. ಗೆಳೆಯನ ಡಬ್ಬಿ ಮೇಲೆ ನಿಮ್ಮ ಹೆಸರಿದೆಯಾ? ಇರಲಿಕ್ಕಿಲ್ಲ. ನಿಮ್ಮ ಪಿನ್ ಕಳೆದುಹೋಗಿದ್ದು ಬಹುಶಃ ಅಲ್ಲೇ.

ಜರ್ಮನಿಯ ಅಪಾರ್ಟ್‌ಮೆಂಟ್ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ರಸ್ತೆ, ಕಟ್ಟಡದ ನಂಬರ್, ಅಷ್ಟೇ. ಒಂದೇ ಕಟ್ಟಡದಲ್ಲಿ ಇಪ್ಪತ್ತು ಮನೆ ಇದ್ದರೂ ಅಂಚೆಯವರು ಹುಡುಕುವುದು ಡಬ್ಬಿ ಮೇಲಿನ ಹೆಸರನ್ನು. ಸಿಗಲಿಲ್ಲ ಅಂದರೆ ಕಾಗದ ವಾಪಸ್. ಯಾರನ್ನೂ ಕೇಳುವುದಿಲ್ಲ, ಪಕ್ಕದ ಮನೆಗೆ ಕೊಟ್ಟು ಹೋಗುವುದೂ ಇಲ್ಲ. ಮೊದಲ ವರ್ಷ ನನಗೂ ಹೀಗೇ ಆಯಿತು. ಒಂದು ತಿಂಗಳು ಬ್ಯಾಂಕಿನವರನ್ನು ಬೈದುಕೊಂಡು ಓಡಾಡಿದೆ. ಕೊನೆಗೆ ಕೆಳಗಿನ ಮನೆಯ ಅಜ್ಜಿ ಒಂದು ಚೀಟಿ, ಸೆಲ್ಲೋಟೇಪು ತಂದು ಕೊಟ್ಟರು. ಮಾತೇ ಆಡಲಿಲ್ಲ, ಡಬ್ಬಿ ಕಡೆ ಬೆರಳು ತೋರಿಸಿದರು. ಅದಾಗಿ ನಾಲ್ಕೇ ದಿನಕ್ಕೆ ಕಾಗದಗಳು ಬರತೊಡಗಿದವು.

ಚೀಟಿ ಮೇಲೆ ಏನು ಬರೀಬೇಕು ಅನ್ನುವುದೂ ನಮ್ಮವರಿಗೆ ಸ್ವಲ್ಪ ಪೇಚಾಟವೇ. ನಮ್ಮಲ್ಲಿ ಇನಿಷಿಯಲ್ ಇರುತ್ತದೆ, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಏನು ಅಚ್ಚಾಗಿದೆಯೋ ಅದನ್ನೇ ಬರೆಯಿರಿ. ಅದು ನಿಮ್ಮ ತಂದೆಯ ಹೆಸರಾದರೂ ಸರಿ, ಇಲ್ಲಿ ನಿಮ್ಮನ್ನು ಕರೆಯುವುದು ಹಾಗೇ. ಬ್ಯಾಂಕು, ಯೂನಿವರ್ಸಿಟಿ, ಇನ್ಶೂರೆನ್ಸ್, ಎಲ್ಲ ಕಡೆಯೂ ಅದೇ ಇರಲಿ. ಇನ್ನೊಬ್ಬರ ಮನೆಯಲ್ಲಿ ಇರುವಷ್ಟು ದಿನ ವಿಳಾಸದಲ್ಲಿ ನಿಮ್ಮ ಹೆಸರಿನ ಕೆಳಗೆ ಕೇರ್ ಆಫ್ ಅಂತ ಗೆಳೆಯನ ಹೆಸರನ್ನೂ ಸೇರಿಸಿ.

ಇನ್ನು ಆನ್‌ಮೆಲ್ಡುಂಗ್, ಅಂದರೆ ನಗರದ ಕಚೇರಿಯಲ್ಲಿ ವಿಳಾಸ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕು ಎಂಬುದು ಕಾನೂನು. ನಿಮ್ಮದು ಆಗಲೇ ದಾಟಿದೆ. ಗಾಬರಿ ಬೇಡ, ಆದರೆ ಇವತ್ತೇ ಅಪಾಯಿಂಟ್‌ಮೆಂಟ್ ಹಿಡಿಯಿರಿ, ಬುಕ್ ಮಾಡಿದ ಇಮೇಲ್ ಇಟ್ಟುಕೊಳ್ಳಿ. ಬಾಡಿಗೆ ಕರಾರುಪತ್ರವೊಂದೇ ಸಾಲದು. ಮನೆ ಕೊಟ್ಟವರು ಸಹಿ ಹಾಕಿದ ಬೇರೆ ಕಾಗದ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. (ಬಾಯಲ್ಲಿ ತಿರುಗದಿದ್ದರೆ ಬರೆದು ತೋರಿಸಿ, ನಾನು ಇವತ್ತಿಗೂ ಹಾಗೇ ಮಾಡುವುದು.) ಮನೆ ಗೆಳೆಯನ ಹೆಸರಿನಲ್ಲಿದ್ದು, ಓನರ್ ಒಪ್ಪಿಗೆಯಿಂದ ಅವನು ನಿಮಗೆ ರೂಮು ಬಿಟ್ಟುಕೊಟ್ಟಿದ್ದರೆ ಅವನೇ ಸಹಿ ಹಾಕಬಹುದು. ನೋಂದಣಿ ಆದ ಮೇಲೆ ಟ್ಯಾಕ್ಸ್ ನಂಬರ್ ಬರುತ್ತದೆ, ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದರೆ ಅದನ್ನು ಕೇಳುತ್ತಾರೆ. ಅದು ಬರುವುದೂ ಅಂಚೆಯಲ್ಲೇ! ವೀಸಾ ಮುಗಿಯುವ ಮೊದಲು ವಿದೇಶಿಯರ ಕಚೇರಿಗೆ ಪರ್ಮಿಟ್ ಅರ್ಜಿ ಹಾಕುವಾಗಲೂ ಈ ನೋಂದಣಿ ಕಾಗದ ಕೈಯಲ್ಲಿರಬೇಕು.

ಈಗ ಆ ಓನರ್ ವಿಷಯ. ಮನೆ ನೋಡುವ ಮುಂಚೆ ದುಡ್ಡು, ಕೀ ಕೊರಿಯರ್‌ನಲ್ಲಿ ಅಂದರೆ ಅದು ಮೋಸ ಅಂತಲೇ ತಿಳಿಯಿರಿ. ಬಾಡಿಗೆ ಉಳಿದವರಿಗಿಂತ ಅಗ್ಗ, ಫೋಟೋ ಹೋಟೆಲ್ ರೂಮಿನಂತೆ, ಉತ್ತರ ಐದೇ ನಿಮಿಷದಲ್ಲಿ. ನಿಮಗೆ ಬಂದದ್ದೂ ಹೀಗೇ ಅಲ್ವಾ? ವಿದ್ಯಾರ್ಥಿಗಳ ಸೇವಾ ಸಂಸ್ಥೆಯಾದ ಸ್ಟುಡೆಂಟನ್‌ವೆರ್ಕ್ ನಡೆಸುವ ಹಾಸ್ಟೆಲ್‌ಗಳನ್ನು ನೋಡದೇ ಹಿಡಿಯಬಹುದು, ಬೇರೆ ಯಾವುದನ್ನೂ ಬೇಡ. ನಿಜವಾದ ಓನರ್ ಕೂಡ ಡಿಪಾಸಿಟ್ ಅಂತ, ಮನೆ ಬಿಸಿಮಾಡುವ ಖರ್ಚು, ನೀರು ಇತ್ಯಾದಿ ಸೇರದ ಮೂಲ ಬಾಡಿಗೆಯ ಮೂರು ತಿಂಗಳಿನಷ್ಟಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಒಂದು ಮಾತು: ವೀಸಾಕ್ಕೆಂದು ದುಡ್ಡು ಕಟ್ಟಿಡುವ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಟ್ಟಿದ್ದರೂ ಕೈಗೆ ಬರುವುದು ತಿಂಗಳಿಗೆ 992 ಮಾತ್ರ. ಡಿಪಾಸಿಟ್ ದುಡ್ಡನ್ನು ಬೇರೆಯೇ ತಂದಿರಬೇಕು. ಹೊರಡುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಸದ್ಯಕ್ಕೆ ರೂಮು ಸಿಗದಿದ್ದರೆ ಮೂರ್ನಾಲ್ಕು ತಿಂಗಳ ಮಟ್ಟಿಗೆ ಬಿಟ್ಟುಕೊಡುವ ಟ್ಸ್ವಿಶನ್‌ಮೀಟೆ ಹುಡುಕಿ. ಆನ್‌ಮೆಲ್ಡುಂಗ್‌ಗೆ ಕಾಗದ ಕೊಡುತ್ತಾರಾ ಅಂತ ಮೊದಲೇ ಕೇಳಿ. ಇಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಪ್ರಶ್ನೆ: ಬರ್ಲಿನ್‌ಗೆ ಬಂದು ಎರಡು ತಿಂಗಳಾಯಿತು. ಕ್ಲಾಸು, ರೂಮು ಬಿಟ್ಟರೆ ಬೇರೆ ಏನಿಲ್ಲ. ಸಂಜೆ ಆದರೆ ಅಮ್ಮನಿಗೆ ಫೋನ್ ಮಾಡಿ ಅಳುತ್ತೇನೆ. ಇದು ಸರಿಹೋಗುತ್ತದಾ?

ಉತ್ತರ: ಅಳು ಬಂದರೆ ಅತ್ತುಬಿಡಮ್ಮ, ನಾಚಿಕೆ ಬೇಡ. ಆದರೆ ಹೊತ್ತು ಬದಲಿಸು. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಭಾರತಕ್ಕೂ ಇಲ್ಲಿಗೂ ಮೂರೂವರೆ ಗಂಟೆ ಇದ್ದ ವ್ಯತ್ಯಾಸ ನಾಲ್ಕೂವರೆ ಆಗುತ್ತದೆ. ನೀನು ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಅಮ್ಮನಿಗೆ ಹನ್ನೆರಡೂವರೆ. ನೀನು ಅತ್ತು ಮಲಗುತ್ತೀಯ, ಅವರು ಬೆಳಗಿನವರೆಗೆ ಹೊರಳಾಡುತ್ತಾರೆ. ಬೆಳಗ್ಗೆ ಕ್ಲಾಸಿಗೆ ನಡೆದು ಹೋಗುವಾಗ ಮಾತಾಡು. ಆಗ ಹೇಳಲು ವಿಷಯವೂ ಬೇರೆ ಇರುತ್ತದೆ.

ಸಂಜೆಗೆ ಬೇರೆ ಏನಾದರೂ ಬೇಕು, ಯಾಕೆಂದರೆ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗುತ್ತಾನೆ. ಯೂನಿವರ್ಸಿಟಿಯ ಸ್ಪೋರ್ಟ್ಸ್ ವಿಭಾಗದಲ್ಲಿ, ಹೋಕ್‌ಶೂಲ್‌ಸ್ಪೋರ್ಟ್ ಅನ್ನುತ್ತಾರೆ, ವಾರಕ್ಕೊಂದು ದಿನದ ಕೋರ್ಸ್‌ಗಳಿರುತ್ತವೆ. ಫೀಸು ಕಡಿಮೆ. ಸೀಟು ಬೇಗ ತುಂಬುತ್ತದೆ, ಹಾಗಾಗಿ ಬುಕಿಂಗ್ ಶುರುವಾಗುವ ದಿನ ನೋಡಿಟ್ಟುಕೋ. ಪಾರ್ಟಿಗಿಂತ ಇದು ವಾಸಿ ಅಂತ ನನಗೆ ಅನ್ನಿಸುತ್ತದೆ. ಪಾರ್ಟಿಯಲ್ಲಿ ಸಿಕ್ಕವರು ಮತ್ತೆ ಸಿಗಲ್ಲ. ಮಂಗಳವಾರದ ಶಟಲ್ ಆಟಕ್ಕೆ ಅವೇ ಎಂಟು ಜನ ಬರುತ್ತಾರೆ. ಭಾಷೆ ಬಾರದಿದ್ದರೂ ಶಟಲ್ ಆಡಬಹುದು. ಐದನೇ ವಾರ ಯಾರೋ ಒಬ್ಬರು ‘ಕಳೆದ ವಾರ ಯಾಕೆ ಬರಲಿಲ್ಲ’ ಅಂತ ಕೇಳುತ್ತಾರೆ ನೋಡು.

ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ಮಾತ್ರ ಕಾಯಬೇಡ. ಸ್ಟುಡೆಂಟನ್‌ವೆರ್ಕ್‌ನಲ್ಲಿ ಆಪ್ತಸಲಹೆ ಕೊಡುವವರು ಇರುತ್ತಾರೆ, ಹೋಗಿ ಮಾತಾಡು.

ಪ್ರಶ್ನೆ: ನಾಲ್ಕು ಜನ ಹಂಚಿಕೊಂಡ ಫ್ಲ್ಯಾಟ್‌ನಲ್ಲಿದ್ದೇನೆ. ಟಿವಿ, ರೇಡಿಯೋಗೆ ದುಡ್ಡು ಕಟ್ಟಿ ಅಂತ ಪತ್ರ ಬಂದಿದೆ. ನನ್ನ ಹತ್ತಿರ ಎರಡೂ ಇಲ್ಲ. ಹರಿದು ಹಾಕಲಾ?

ಉತ್ತರ: ಬೇಡ. ಅದು ಟಿವಿಗೆ ಅಲ್ಲ, ಮನೆಗೆ. ತಿಂಗಳಿಗೆ 18.36 ಯೂರೋ, ಒಂದು ಮನೆಗೆ ಒಬ್ಬರು ಕಟ್ಟಿದರೆ ಸಾಕು. ನಿಮ್ಮಲ್ಲಿ ಯಾರಾದರೂ ಆಗಲೇ ಕಟ್ಟುತ್ತಿದ್ದರೆ ಆ ಶುಲ್ಕಕ್ಕೆ ಅವರಿಗೆ ಕೊಟ್ಟಿರುವ ನಂಬರ್ ಕೇಳಿ, ಉತ್ತರದಲ್ಲಿ ಬರೆದು ಕಳಿಸಿ. ಸುಮ್ನೆ ಕೂತರೆ ನಿಮ್ಮ ಹೆಸರಿಗೂ ಖಾತೆ ತೆರೆದು ಹಳೇ ಬಾಕಿ, ದಂಡ ಸೇರಿಸಿ ಕಳಿಸುತ್ತಾರೆ. ಹಂಚಿಕೊಂಡರೆ ತಲೆಗೆ 4.59 ಯೂರೋ ಬೀಳುತ್ತದೆ.